ಎರಡನೆಯ ಬ್ರೇಕು

ಶವದ ಹಾಗೆ ಮಲಗಿ ಎಂದು ಯೋಗದ ಟೀಚರು ಹೇಳಿದ ಕೂಡಲೇ ಅವನ ದೇಹವೆಲ್ಲ ಸತ್ತಿತು, ಬಲಗಾಲೊಂದನ್ನು ಬಿಟ್ಟು. ಕಣ್ಣು ಮುಚ್ಚಿದ್ದ, ಅಂಗೈಗಳನ್ನು ಮೇಲ್ಮುಖ ಮಾಡಿದ್ದ, ದವಡೆ ಸಡಿಲ ಬಿಟ್ಟಿದ್ದ, ಹೊಟ್ಟೆ ಹೇಳಿದ ಮಾತು ಕೇಳಿಕೊಂಡು ಏರಿಳಿಯುತ್ತಿತ್ತು. ಬಲಪಾದ ಮಾತ್ರ ನೆಟ್ಟಗೆ ನಿಂತು, ಎದುರಿಗಿಲ್ಲದ ಏನನ್ನೋ ಒತ್ತಲು ಕಾಯುತ್ತಿತ್ತು. ಕೆಳಗೆ ರಸ್ತೆಯಲ್ಲಿ ಲಾರಿಯೊಂದು ಗೇರು ಬದಲಿಸಿದ ಸದ್ದು ಬಂತು, ಪಾದ ಒತ್ತಿಯೇಬಿಟ್ಟಿತು. ಒತ್ತಿದ್ದು ಪಕ್ಕದ ಚಾಪೆಯ ನಿವೃತ್ತ ಜಡ್ಜರ ನೀರಿನ ಬಾಟಲಿಯನ್ನು. ಅದು ಉರುಳುತ್ತಾ ಹೋಗಿ ಮುಂದಿನ ಸಾಲಿನಲ್ಲಿ ಸತ್ತು ಮಲಗಿದ್ದ ಹೆಂಗಸಿನ ತಲೆಗೆ ತಾಗಿತು, ಆಕೆ ಅಯ್ಯೋ ಎಂದು ಎದ್ದು ಕೂತಳು, ಅಲ್ಲಿಗೆ ಯೋಗದ ಹಾಲಿನಲ್ಲಿದ್ದ ಹನ್ನೆರಡು ಹೆಣಗಳೂ ಒಂದೊಂದು ಕಣ್ಣು ತೆರೆದು ಅವನ ಕಡೆ ನೋಡಿದವು. ಅವನು ಕಣ್ಣು ತೆರೆಯಲಿಲ್ಲ. ಯಾರು ಯಾರು ನೋಡುತ್ತಿದ್ದಾರೆಂದು ತೆರೆಯದೆಯೂ ಗೊತ್ತಾಗುತ್ತಿತ್ತು.

ಇಪ್ಪತ್ತೆರಡು ವರ್ಷದಿಂದ ಆ ಕಾಲಿಗಿದ್ದದ್ದು ಒಂದೇ ಕೆಲಸ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರು ಬಲಗಡೆ ಸ್ಟಿಯರಿಂಗ್ ಹಿಡಿದು ಕೂತರೆ ಮೇಷ್ಟ್ರಾದ ಅವನು ಎಡಗಡೆ ಕೂರುತ್ತಿದ್ದ, ಮತ್ತು ಅವನ ಕಾಲಬುಡದಲ್ಲೂ ಒಂದು ಬ್ರೇಕು ಇತ್ತು. ಕಲಿಯುವವರಿಗೆ ಅದರ ಮೇಲೆ ದೇವರ ಮೇಲಿದ್ದಷ್ಟೇ ನಂಬಿಕೆ. ಅವನಿಗೆ ಕಲಿಯುವವರ ಮೇಲೆ ನಂಬಿಕೆಯೇ ಇರಲಿಲ್ಲ. ಇಪ್ಪತ್ತೆರಡು ವರ್ಷ ದಿನಕ್ಕೆ ಎಂಟು ಗಂಟೆ ಜೀವ ಬಾಯಿಗೆ ಬಂದಾಗಲೆಲ್ಲ ಆ ಪಾದ ಒತ್ತಿ ಒತ್ತಿ, ಕೊನೆಗೆ ಅದು ಅವನ ಅಪ್ಪಣೆಗೂ ಕಾಯುವುದನ್ನು ನಿಲ್ಲಿಸಿತ್ತು. ಕ್ಷೌರದಂಗಡಿಯಲ್ಲಿ ಕತ್ತಿ ಕಿವಿಯ ಹತ್ತಿರ ಬಂದರೆ ಒತ್ತುತ್ತಿತ್ತು. ಸಿನಿಮಾದಲ್ಲಿ ನಾಯಕನ ಕಾರು ತಿರುವು ತೆಗೆದುಕೊಂಡರೆ ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ಒತ್ತುತ್ತಿತ್ತು. ಊಟದ ಮೇಜಿನ ಕೆಳಗೆ ಹೆಂಡತಿಯ ಕಾಲು ತುಳಿದು, ಆಕೆ ಅದನ್ನು ಯಾವುದೋ ಸಂಜ್ಞೆ ಎಂದುಕೊಂಡು, ಅತ್ತೆಯ ಎದುರಿಗೆ ಇದೇನು ಎಂದು ಕೆಂಪಾದದ್ದೂ ಉಂಟು. ಮದುವೆಯಾದ ಹೊಸತು ಅದು. ಈಗ ತುಳಿದರೆ ಅವಳು ತಲೆ ಎತ್ತದೆಯೇ "ರೀ, ನಿಂತಾಯ್ತು, ಕಾಲು ತೆಗೀರಿ" ಎನ್ನುತ್ತಿದ್ದಳು.

ಯೋಗದ ಟೀಚರಿಗೆ ಎಪ್ಪತ್ತು ದಾಟಿತ್ತು. ಒಣಕಲು ಮೈಯ ಆ ಹೆಂಗಸು ನೆಲದಿಂದ ಏಳುವಾಗ ಕೈ ಊರುತ್ತಿರಲಿಲ್ಲ. ಮೊದಲ ದಿನ ಅವರು ಅವನ ಹಿಮ್ಮಡಿ ಹಿಡಿದು ಕಾಲನ್ನು ಒಂದು ಮೊಳ ಎತ್ತಿ, "ಭಾರ ಪೂರ್ತಿ ನನ್ನ ಕೈಗೆ ಬಿಡಿ" ಎಂದು, ಆಮೇಲೆ ಕೈ ತೆಗೆದಿದ್ದರು. ಕಾಲು ಬೀಳಲಿಲ್ಲ. ಗಾಳಿಯಲ್ಲೇ ನಿಂತಿತು.

"ಬಿಡಿ ಮೇಷ್ಟ್ರೇ."

"ಬಿಟ್ಟಿದ್ದೀನಿ ಮೇಡಂ."

"ನೀವು ಹಿಡ್ಕೊಂಡಿದ್ದೀರಿ."

"ನಾನಲ್ಲ ಮೇಡಂ, ಅದೇ."

ಅವರು ಸ್ವಲ್ಪ ಹೊತ್ತು ಆ ಕಾಲನ್ನು ಹಟಮಾರಿ ಕೂಸನ್ನು ನೋಡುವ ಹಾಗೆ ನೋಡಿ, "ಭಯ ಕೂತಿದೆ ಇಲ್ಲಿ. ಉಸಿರು ಬಿಡುವಾಗ ಅದನ್ನೂ ಆಚೆ ಬಿಡಿ" ಎಂದಿದ್ದರು. ಅವನು ಬಿಟ್ಟ. ಮೂರು ವಾರ, ಬೆಳಿಗ್ಗೆ ಆರೂವರೆಯಿಂದ ಏಳೂವರೆವರೆಗೆ, ಗ್ರಂಥಾಲಯದ ಮೇಲಿನ ಹಾಲಿನಲ್ಲಿ ಮೂಗಿನಿಂದ ಬಿಟ್ಟ, ಬಾಯಿಂದ ಬಿಟ್ಟ, ಒಮ್ಮೆ ಬಿಡಬಾರದ ಕಡೆಯಿಂದಲೂ ಬಿಟ್ಟು ಆ ದಿನ ಯಾರ ಮುಖವನ್ನೂ ನೋಡದೆ ಮನೆಗೆ ಹೋದ. ನಾಲ್ಕನೆಯ ವಾರ ಟೀಚರು ಎತ್ತಿ ಬಿಟ್ಟ ಕಾಲು ಧೊಪ್ಪೆಂದು ಬಿತ್ತು. ಹಾಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಆದರೆ ಭಯ ಆಚೆ ಹೋಗಿರಲಿಲ್ಲ. ಕೆಳಮನೆಯಿಂದ ಎಬ್ಬಿಸಿದ ಬಾಡಿಗೆಯವನು ಮೇಲ್ಮನೆ ಹತ್ತಿದ ಹಾಗೆ ಅದು ಮೀನಖಂಡಕ್ಕೆ ಹತ್ತಿತ್ತು, ಅಲ್ಲಿಂದ ಮಂಡಿಗೆ, ಮಂಡಿಯಿಂದ ಸೊಂಟಕ್ಕೆ. ಸೊಂಟಕ್ಕೆ ಬಂದ ವಾರ ಕಪೋತಾಸನ, ಅಂದರೆ ಪಾರಿವಾಳ. ಒಂದು ಕಾಲು ಮಡಿಚಿ ಮುಂದಿಟ್ಟು ಇನ್ನೊಂದನ್ನು ಹಿಂದೆ ಚಾಚಿ ಬಾಗುವಾಗ ಅವನ ಸೊಂಟದೊಳಗೆ ಏನೋ ಬಿಚ್ಚಿಕೊಂಡಂತಾಗಿ, ಐವತ್ತೊಂದು ವರ್ಷದ ಗಂಡಸು, ಎರಡು ಪಾಠಕ್ಕೊಮ್ಮೆ ಯಾರನ್ನಾದರೂ ಅಳಿಸುತ್ತಿದ್ದ ಮೇಷ್ಟ್ರು, ಚಾಪೆಗೆ ಮುಖ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತುಬಿಟ್ಟ. ಜಡ್ಜು ತಾವೂ ಪಾರಿವಾಳವಾಗಿದ್ದಲ್ಲಿಂದಲೇ ಕರವಸ್ತ್ರ ಚಾಚಿದರು. "ಅಳಿ ಅಳಿ. ಕಟಕಟೇಲಿ ನಿಂತವರೂ ಹೀಗೇ ಅಳೋರು. ಅತ್ತ ಮೇಲೆ ಒಪ್ಕೊಳ್ಳೋರು" ಎಂದರು. ಆ ಮಾತು ಅವನಿಗೆ ಎಲ್ಲೋ ಚುಚ್ಚಿತು. ಸೊಂಟ ನೋವು ಎಂದು ಸುಳ್ಳು ಹೇಳಿ ಕಣ್ಣೊರೆಸಿಕೊಂಡ.

ಒಪ್ಪಿಕೊಳ್ಳುವುದಕ್ಕೆ ಇದ್ದದ್ದು ಒಂದೇ ವಿಷಯ, ಮತ್ತು ಅದು ಎರಡು ತಿಂಗಳ ಹಿಂದಿನದು. ಹೆಂಡತಿಯ ಎರಡನೆಯ ಡ್ರೈವಿಂಗ್ ಪರೀಕ್ಷೆ. ಅವಳಿಗೆ ಕಲಿಸಿದ್ದು ಅವನಲ್ಲ. ಗಂಡ ಹೆಂಡತಿಗೆ ಕಲಿಸಿದರೆ ಮನೆಯಲ್ಲಿ ಯಾರಾದರೊಬ್ಬರು ಉಳಿಯುವುದಿಲ್ಲ ಎಂದು ಸ್ಕೂಲಿನ ಇನ್ನೊಬ್ಬ ಮೇಷ್ಟ್ರಮ್ಮ ಕಲಿಸಿದ್ದರು. ಆದರೆ ಪರೀಕ್ಷೆಯ ದಿನ ಕಾರಿನ ಎಡಸೀಟಿನಲ್ಲಿ ಸ್ಕೂಲಿನ ಹಿರಿಯ ಮೇಷ್ಟ್ರೇ ಕೂರಬೇಕು, ಇನ್ಸ್‌ಪೆಕ್ಟರು ಹಿಂದೆ ಕೂರಬೇಕು, ಮೇಷ್ಟ್ರು ತಮ್ಮ ಬ್ರೇಕನ್ನು ಮುಟ್ಟಿದರೆ ಕಾರಿನಲ್ಲಿ ಬಜರ್ ಹೊಡೆಯಬೇಕು, ಬಜರ್ ಹೊಡೆದರೆ ಓಡಿಸುವವರು ಫೇಲು ಎಂದು ಇಲಾಖೆಯ ನಿಯಮ. ಮೊದಲನೆಯ ಸಲ ಅವಳು ಏರಿನಲ್ಲಿ ಎಂಜಿನ್ ಆರಿಸಿಕೊಂಡು ನ್ಯಾಯವಾಗಿ ಫೇಲಾದಳು. ಎರಡನೆಯ ಸಲ ಏರು ಹತ್ತಿದಳು, ಮಾರುಕಟ್ಟೆ ದಾಟಿದಳು, ನೀರಿನ ಟ್ಯಾಂಕಿನ ಹತ್ತಿರ ಇಕ್ಕಟ್ಟಿನಲ್ಲಿ ಗೋಡೆಯವರೆಗೆ ಹೋಗಿ ಕಾರು ತಿರುಗಿಸುವುದೊಂದು ಉಳಿದಿತ್ತು. ಗೋಡೆ ಹತ್ತಿರ ಬಂತು, ಅವಳ ಕಾಲು ಬ್ರೇಕಿನ ಕಡೆ ಹೊರಟಿದ್ದನ್ನು ಅವನು ಕಣ್ಣಾರೆ ಕಂಡಿದ್ದ, ಅಷ್ಟರಲ್ಲಿ ಅವನ ಪಾದ ಒತ್ತಿತು. ಬಜರ್ ಹೊಡೆಯಿತು. ಇನ್ಸ್‌ಪೆಕ್ಟರು ಬರೆದುಕೊಂಡರು. ಗೋಡೆಗೆ ಇನ್ನೂ ಮೂರು ಅಡಿ ಇತ್ತು. ಹೊರಗೆ ಬಂದ ಮೇಲೆ ಅವಳು ಬೆಳ್ಳಗಾದ ಮುಖ ಮಾಡಿಕೊಂಡು "ಗುದ್ದೇಬಿಡ್ತಿದ್ನೇನ್ರೀ?" ಎಂದು ಕೇಳಿದಳು. ಆಗ ಇಲ್ಲ ಎನ್ನಬಹುದಿತ್ತು. ಬಾಯಿಗೆ ಬಂದದ್ದು, "ಒಂದು ಗೇಣೂ ಇರ್ಲಿಲ್ಲ ಕಣೇ. ನಾನು ಒತ್ತದೇ ಇದ್ದಿದ್ರೆ ಅಷ್ಟೇ" ಎಂಬ ಮಾತು. ಅವಳು ಅವನ ಕೈ ಹಿಡಿದುಕೊಂಡು "ಸದ್ಯ, ನೀವಿದ್ರಿ" ಎಂದಳು. ಅದನ್ನು ನೆನೆದರೆ ಈಗಲೂ ಅವನಿಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸುತ್ತಿತ್ತು. ಬೆನ್ನುನೋವು ಎಂದು ಹೇಳಿ ಯೋಗಕ್ಕೆ ಸೇರಿದ್ದು ಮರುವಾರವೇ.

ಇವತ್ತು ಮೂರನೆಯ ಪರೀಕ್ಷೆ. ಹತ್ತು ಗಂಟೆಗೆ. ಇದರಲ್ಲೂ ಫೇಲಾದರೆ ಆರು ತಿಂಗಳು ಅರ್ಜಿ ಹಾಕುವ ಹಾಗಿಲ್ಲ, ಮತ್ತು ಅವಳ ಲ್ಯಾಬಿನವರು ಆರು ತಿಂಗಳು ಕಾಯುವ ಹಾಗಿಲ್ಲ. ಹತ್ತೊಂಬತ್ತು ವರ್ಷದಿಂದ ಅವಳು ಆ ಲ್ಯಾಬಿನ ನೆಲಮಾಳಿಗೆಯ, ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಬಂದವರ ತೋಳಿಗೆ ಪಟ್ಟಿ ಕಟ್ಟಿ ರಕ್ತ ತೆಗೆಯುತ್ತಿದ್ದಳು. ಈಗ ಮನೆಮನೆಗೆ ಹೋಗಿ ರಕ್ತ ತೆಗೆದು ತರುವ ಕೆಲಸ ಖಾಲಿಯಾಗಿತ್ತು. ಲ್ಯಾಬಿನದೇ ಪುಟ್ಟ ಕಾರು, ಬೆಳಗಿನ ರಸ್ತೆ, ಬೇರೆ ಬೇರೆ ಮನೆಯ ಬಾಗಿಲು. ಕಾರು ಓಡಿಸಲು ಬಂದರೆ ನಿನಗೇ, ತಿಂಗಳ ಕೊನೆವರೆಗೆ ನೋಡುತ್ತೇವೆ ಎಂದಿದ್ದರು. ಆ ಸುದ್ದಿ ಹೇಳಿದ ದಿನ ಅವಳು ಅಡುಗೆಮನೆಯಲ್ಲಿ ನಿಂತಲ್ಲೇ ಎಡಕ್ಕೆ ಬಲಕ್ಕೆ ಕೈ ತೋರಿಸಿ ಸಿಗ್ನಲ್ ಕೊಟ್ಟು ನಕ್ಕಿದ್ದಳು. ಅಂಥ ನಗು ಮನೆಯಲ್ಲಿ ಬಹಳ ದಿನದಿಂದ ಕೇಳಿರಲಿಲ್ಲ.

"ಮೇಷ್ಟ್ರೇ, ಎಲ್ಲರೂ ಎದ್ದಾಯ್ತು" ಎಂದರು ಟೀಚರು. ಅವನು ಕಣ್ಣು ತೆರೆದ. ಕೋಣೆ ಖಾಲಿಯಾಗಿತ್ತು, ಟೀಚರು ಕಿಟಕಿ ಮುಚ್ಚುತ್ತಿದ್ದರು. ಚಾಪೆ ಸುತ್ತುತ್ತಾ, "ಮೇಡಂ, ಇವತ್ತು ಒಂದು ದಿನ, ಒಂದು ಅರ್ಧ ಗಂಟೆ, ಇದು ಅಲ್ಲಾಡಬಾರದು. ಏನಾದ್ರೂ ಉಪಾಯ ಇದೆಯಾ?" ಎಂದು ಕೇಳಿದ. ಅವರು ಕಾಲನ್ನೂ ಮುಖವನ್ನೂ ನೋಡಿ, "ಅಲ್ಲಾಡಬಾರದು ಅಂದ್ರೆ ಅಲ್ಲಾಡುತ್ತೆ. ಅದನ್ನ ಅದರ ಪಾಡಿಗೆ ಬಿಟ್ಟು ಉಸಿರು ನೋಡ್ಕೊಳ್ಳಿ. ಮೇಲೆ ಹತ್ತಿ ಬಂದದ್ದಕ್ಕೆ ದಾರಿ ಬಿಡಿ, ಅಡ್ಡ ನಿಲ್ಬೇಡಿ" ಎಂದರು. ಎಷ್ಟಾದರೂ ಅವನು ಸಂಚಾರದ ಮನುಷ್ಯ. ದಾರಿ ಬಿಡಿ ಎಂದರೆ ಅರ್ಥವಾಗುತ್ತಿತ್ತು. ಮೆಟ್ಟಿಲಿಳಿಯುವಾಗ ಭಯ ಹೊಟ್ಟೆಗೆ ಬಂದಿರುವುದು ಗೊತ್ತಾಯಿತು.

ಮನೆಯಲ್ಲಿ ಅವನ ಅಮ್ಮ ತಿಂಡಿಯ ತಟ್ಟೆ ಮುಂದಿಟ್ಟುಕೊಂಡು ಸೊಸೆಗೆ ಧೈರ್ಯ ಹೇಳುತ್ತಿದ್ದಳು. ಅವಳ ಧೈರ್ಯ ಹೇಳುವ ರೀತಿ ಎಂದರೆ ಯಾರ್ಯಾರಿಗೆ ಎಲ್ಲೆಲ್ಲಿ ಅಪಘಾತವಾಯಿತೆಂದು ನೆನಪಿಸಿಕೊಳ್ಳುವುದು. "ಏನೂ ಹೆದರ್ಬೇಡ ಕಣಮ್ಮ, ಎಂಥೆಂಥವರೋ ಗುದ್ದಿದ್ದಾರೆ. ನಿಮ್ಮಾವ ಸೈಕಲ್‌ನಲ್ಲೇ ಎಮ್ಮೆಗೆ ಗುದ್ದಿದ್ರು." ಹೆಂಡತಿ ನಗುತ್ತಾ ಲೋಟಕ್ಕೆ ನೀರು ಬಗ್ಗಿಸಿದಳು, ಅರ್ಧಕ್ಕೇ ನಿಲ್ಲಿಸಿದಳು. ಹಿಂದೆ ಅವಳು ಹಾಗೆ ನಿಲ್ಲಿಸುವವಳಲ್ಲ. ಲೋಟದ ಕಂಠದವರೆಗೆ ಒಂದು ಹನಿ ಚೆಲ್ಲದಂತೆ ತುಂಬುವುದು ಅವಳ ಕೈಗುಣ. ಎರಡು ತಿಂಗಳಿಂದ ಎಲ್ಲವನ್ನೂ ಸ್ವಲ್ಪ ಮೊದಲೇ ನಿಲ್ಲಿಸುತ್ತಿದ್ದಳು, ಮಾತನ್ನೂ. ಗ್ಯಾಸಿನ ಗುಬುಟು ತಿರುಗಿಸಿದ ಮೇಲೆ ಬಂದು ಇನ್ನೊಮ್ಮೆ ಮುಟ್ಟಿ ನೋಡುತ್ತಿದ್ದಳು. ಇದೆಲ್ಲ ಅವನಿಗೆ ಕಾಣುತ್ತಿತ್ತು, ಕಂಡದ್ದೆಲ್ಲ ಹೊಟ್ಟೆಗೆ ಹೋಗಿ ಬೀಳುತ್ತಿತ್ತು.

"ರೀ, ಬೆನ್ನು ಹೇಗಿದೆ?" ಎಂದಳು.

"ಯಾವ ಬೆನ್ನು?" ಎಂದ ಅವನು, ಆಮೇಲೆ ಅವಸರದಲ್ಲಿ ಸೊಂಟಕ್ಕೆ ಕೈ ಕೊಟ್ಟುಕೊಂಡು, "ಹಾಂ, ಪರವಾಗಿಲ್ಲ, ಬೆನ್ನು ಪರವಾಗಿಲ್ಲ" ಎಂದ. ಅಮ್ಮ ಮಗನನ್ನು ಮೇಲಿಂದ ಕೆಳಗೆ ನೋಡಿದಳು. ಹೇಳಿಬಿಡಬೇಕೆಂದು ಅವನಿಗೆ ಆ ಕ್ಷಣ ಅನ್ನಿಸಿತು. ಆದರೆ ಪರೀಕ್ಷೆಗೆ ಒಂದೂವರೆ ಗಂಟೆ ಇರುವಾಗ ಹೇಳಿದರೆ ಅವಳ ಮನಸ್ಸು ಕೆಡುತ್ತದೆ, ಪಾಸಾದ ಮೇಲೆ ಹೇಳಿದರೆ ಸಂತೋಷ ಕೆಡುತ್ತದೆ, ಫೇಲಾದ ಮೇಲೆ ಹೇಳಿದರೆ ತನ್ನ ಮುಖ ಕೆಡುತ್ತದೆ. ಯಾವಾಗ ಹೇಳಿದರೂ ಒಂದು ಕೆಡುವುದಿದ್ದರಿಂದ ಅವನು ಕೈ ತೊಳೆದುಕೊಂಡು ಎದ್ದ.

ಪರೀಕ್ಷೆಯ ಮೈದಾನದಲ್ಲಿ ಹತ್ತಾರು ಜನ ಬಿಸಿಲಿಗೆ ಕೈ ಅಡ್ಡ ಹಿಡಿದು ನಿಂತಿದ್ದರು. ಇನ್ಸ್‌ಪೆಕ್ಟರಿಗೆ ವರ್ಷವಿಡೀ ನೆಗಡಿ. ಪ್ರಾಣಭಯದ ಈ ಕೆಲಸಕ್ಕೆ ಅವರ ದೇಹ ಕೊಟ್ಟುಕೊಂಡ ಉತ್ತರ ಅದೇ ಇರಬೇಕು, ಪಾಪ, ಅವರಿಗೂ ಒಂದು ಚಾಪೆ ಬೇಕು ಎಂದು ಅವನಿಗೆ ಮೊದಲ ಬಾರಿಗೆ ಅನ್ನಿಸಿತು. ಅವರು ಹಿಂದಿನ ಸೀಟಿನಲ್ಲಿ ಕೂತು, ಕಾಗದ ಹಚ್ಚಿದ ಹಲಗೆಯನ್ನು ಮಂಡಿಯ ಮೇಲಿಟ್ಟುಕೊಂಡು, ಮೂಗು ಒರೆಸಿಕೊಂಡು, ಬಜರ್ ಸರಿಯಿದೆಯೇ ಎಂದು ನೋಡಲು "ಮೇಷ್ಟ್ರೇ, ಒಂದು ಸಲ ಒತ್ತಿ" ಎಂದರು. ಪಾದ ಸಂತೋಷದಿಂದ ಒತ್ತಿತು. ಬಜರ್ ಹೊಡೆದ ಸದ್ದಿಗೆ ಹೆಂಡತಿ ಬೆಚ್ಚಿಬಿದ್ದದ್ದನ್ನು ನೋಡದವನ ಹಾಗೆ ಅವನು ಕಿಟಕಿಯಾಚೆ ನೋಡಿದ. ಅವಳು ಕನ್ನಡಿ ಸರಿಮಾಡಿಕೊಂಡಳು, ಬೆಲ್ಟು ಹಾಕಿಕೊಂಡಳು, ರೋಗಿಯ ತೋಳು ಹಿಡಿದಾಗ ಹೇಳುವ ಅದೇ ತಗ್ಗಿದ ದನಿಯಲ್ಲಿ, ಕಾರಿಗೋ ತನಗೋ, "ಏನಿಲ್ಲ, ಸ್ವಲ್ಪ ಚುರುಕ್ ಅನ್ನುತ್ತೆ ಅಷ್ಟೇ" ಎಂದು ಹೊರಟಳು.

ಅವಳು ಓಡಿಸುವುದು ಚೆನ್ನಾಗಿಯೇ ಇತ್ತು, ಎಲ್ಲ ಒಂದು ಚೂರು ಮುಂಚಿತವಾಗಿ ಎನ್ನುವುದನ್ನು ಬಿಟ್ಟರೆ. ಸಿಗ್ನಲಿನಲ್ಲಿ ಗೆರೆಗೆ ಎರಡು ಕಾರಿನಷ್ಟು ಹಿಂದೆ ನಿಂತಳು. ಹಿಂದಿನವನು ಹಾರ್ನ್ ಬಾರಿಸಿದ. ಮಾರುಕಟ್ಟೆಯ ಬೀದಿಯಲ್ಲಿ ಇನ್ನೂ ದಾಟುವ ಮನಸ್ಸನ್ನೇ ಮಾಡಿರದ ಒಬ್ಬ ಮುದುಕರಿಗಾಗಿ ನಿಂತು ಕಾದಳು. ಅವರು ಸಂಕೋಚಕ್ಕೆ ದಾಟಿ, ಆ ಕಡೆ ಏನೂ ಕೆಲಸವಿಲ್ಲದೆ, ಕಾರು ಹೋದ ಮೇಲೆ ವಾಪಸು ದಾಟಿದ್ದು ಕನ್ನಡಿಯಲ್ಲಿ ಕಂಡಿತು. ಅವಳು ತನ್ನ ಕಾಲನ್ನು ನಂಬುತ್ತಿಲ್ಲ, ನನ್ನ ಕಾಲನ್ನು ನಂಬುತ್ತಿದ್ದಾಳೆ ಎಂದು ಅವನಿಗೆ ಹೊಳೆದು ಮೈ ಬೆವರಿತು. ಇನ್ಸ್‌ಪೆಕ್ಟರು ಹಿಂದಿನಿಂದ ಏನೋ ಬರೆದುಕೊಂಡರು. ಏರಿನಲ್ಲಿ ಅವಳು ಗಾಡಿ ನಿಲ್ಲಿಸಿ ಮತ್ತೆ ಹೊರಡಿಸುವಾಗ ಅವನು ಉಸಿರು ಎಳೆದ, ನಾಲ್ಕು ಎಣಿಸಿದ, ಬಿಟ್ಟ, ಆರು ಎಣಿಸಿದ. ಕಾರು ಒಂದು ಅಂಗುಲವೂ ಹಿಂದೆ ಜಾರದೆ ಹತ್ತಿತು. ಪಾದ ಸುಮ್ಮನಿತ್ತು. ಅವನು ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡ. ಬೇರೆ ಯಾರದೋ ಮನೆಯ ಮುಂದೆ ಬಿಟ್ಟ ಚಪ್ಪಲಿಯ ಹಾಗೆ ಅದು ಬ್ರೇಕಿನ ಪಕ್ಕ ಬಿದ್ದುಕೊಂಡಿತ್ತು.

ಆಮೇಲೆ ನೀರಿನ ಟ್ಯಾಂಕು. ರಸ್ತೆ ಕಿರಿದಾಯಿತು, ಎದುರಿಗೆ ಗೋಡೆ, ಹೋದ ಸಲದ್ದೇ ಗೋಡೆ, ಮಧ್ಯದಲ್ಲಿ ಅದೇ ಹಸಿರು ಪಾಚಿಯ ಕಲೆ. "ತಿರುಗಿಸಿ ತೋರಿಸಿ" ಎಂದರು ಇನ್ಸ್‌ಪೆಕ್ಟರು. ಅವಳು ಸ್ಟಿಯರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿ ಮೆಲ್ಲಗೆ ಮುಂದೆ ಬಿಟ್ಟಳು. ಗೋಡೆ ಬರತೊಡಗಿತು. ಅವನು ದಾರಿ ಬಿಟ್ಟ. ಹೊಟ್ಟೆಯಲ್ಲಿದ್ದದ್ದು, ಬಿಟ್ಟಿದ್ದೇ ತಡ, ಎದೆಗೆ ಹತ್ತಿತು. ಪಾದ ಅಲ್ಲಾಡಲಿಲ್ಲ. ಗೋಡೆಯ ಇಟ್ಟಿಗೆಗಳು ಒಂದೊಂದೂ ಕಾಣತೊಡಗಿದವು, ಎದೆಯಲ್ಲಿದ್ದದ್ದು ಗಂಟಲಿಗೆ ಬಂತು, ಪಾದ ಅಲ್ಲಾಡಲಿಲ್ಲ. ಗಂಟಲಿನಲ್ಲಿ ಅದು ಒಂದು ಕ್ಷಣ ನಿಂತಿತು, ಆಮೇಲೆ ದವಡೆಯನ್ನು ತಾನೇ ತೆರೆದುಕೊಂಡು ಕಾರು ತುಂಬುವಂಥ ದೊಡ್ಡ ದನಿಯಲ್ಲಿ ಆಚೆ ಬಂತು.

"ಮೂರು ಅಡಿ ಇತ್ತು!"

ಕಾರು ನಿಂತಿತು. ನಿಲ್ಲಿಸಿದವಳು ಅವಳು. ಬಜರ್ ಹೊಡೆಯಲಿಲ್ಲ.

"ಏನಂದ್ರಿ?" ಎಂದರು ಇನ್ಸ್‌ಪೆಕ್ಟರು.

ಅವನು ಅಳುತ್ತಿದ್ದ. ಪಾರಿವಾಳದ ದಿನದ ಅಳುವೇ, ಆದರೆ ಈ ಸಲ ಮುಖ ಹಚ್ಚಲು ಚಾಪೆಯಿರಲಿಲ್ಲ, ಡ್ಯಾಶ್‌ಬೋರ್ಡ್ ಇತ್ತು. "ಹೋದ ಸಲ ಸಾರ್... ಇಲ್ಲೇ... ಇವಳು ಸರಿಯಾಗೇ ನಿಲ್ಲಿಸ್ತಿದ್ಲು ಸಾರ್. ಮೂರು ಅಡಿ ಇತ್ತು. ನಾನೇ ಸುಮ್ ಸುಮ್ನೆ ಒತ್ತಿದೆ. ಇವಳ ಹತ್ರ ಗೇಣೂ ಇರ್ಲಿಲ್ಲ ಅಂದೆ."

ಹೆಂಡತಿ ಅವನ ಕಡೆ ತಿರುಗಲಿಲ್ಲ. ಎರಡೂ ಕೈ ಸ್ಟಿಯರಿಂಗಿನ ಮೇಲೆ ಕಲಿಸಿದಂತೆಯೇ ಇದ್ದವು. ಅವಳ ಕಿವಿ ಮಾತ್ರ ಕೆಂಪಾಗುತ್ತಾ ಬಂದು ಕತ್ತಿನವರೆಗೆ ಇಳಿಯಿತು. ಇನ್ಸ್‌ಪೆಕ್ಟರು ಜೇಬಿನಿಂದ ನಿಯಮದ ಪುಸ್ತಕ ತೆಗೆದು, ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದರು. "ಪರೀಕ್ಷೆ ನಡೆಯುವಾಗ ಮೇಷ್ಟ್ರು ಬಾಯಿ ಬಿಡೋ ಹಾಗಿಲ್ಲ ರೀ. ಸೂಚನೆ ಕೊಟ್ಟ ಹಾಗಾಗುತ್ತೆ. ಫೇಲು."

"ಸೂಚನೆ ಅಲ್ಲ ಸಾರ್, ತಪ್ಪೊಪ್ಪಿಗೆ" ಎಂದ ಅವನು ಮೂಗೆಳೆಯುತ್ತಾ.

ಇನ್ಸ್‌ಪೆಕ್ಟರು ಮತ್ತೆ ಎರಡು ಹಾಳೆ ತಿರುವಿದರು. ತಪ್ಪೊಪ್ಪಿಗೆಯ ಬಗ್ಗೆ ಇಲಾಖೆ ಏನೂ ಹೇಳಿರಲಿಲ್ಲ. "ಹೋದ ಸಲದ್ದಕ್ಕೂ ಈ ಸಲದ್ದಕ್ಕೂ ಸಂಬಂಧ ಇಲ್ಲ ಅಂತ ಇಟ್ಕೊಂಡ್ರೆ..." ಎಂದು ತಮ್ಮೊಳಗೇ ವಾದ ಮಾಡಿಕೊಳ್ಳುತ್ತಾ, ಸೀನಿ, ಸೀನಿನಿಂದ ಹಾಳೆ ತಪ್ಪಿಹೋಗಿ, ಪುಸ್ತಕವನ್ನೇ ಮುಚ್ಚಿ, "ಅಳ್ಕೊಳ್ಳಿ, ಮಾತಾಡ್ಬೇಡಿ" ಎಂದರು.

"ಸಾರ್, ನಾನು ಮುಂದೆ ಹೋಗ್ಲಾ?" ಎಂದಳು ಅವಳು. ಆ ದನಿ ಅವನು ಎಂದೂ ಕೇಳಿದ್ದಲ್ಲ. ಅದರಲ್ಲಿ ನಡುಕವಿರಲಿಲ್ಲ, ಅನುಮಾನವಿರಲಿಲ್ಲ, ಅವನಿಗಂತೂ ಏನೇನೂ ಇರಲಿಲ್ಲ.

ಆಮೇಲಿನ ಹನ್ನೆರಡು ನಿಮಿಷ ಅವಳು ಓಡಿಸಿದ ಹಾಗೆ ಇಪ್ಪತ್ತೆರಡು ವರ್ಷದಲ್ಲಿ ಅವನ ಪಕ್ಕ ಕೂತು ಯಾರೂ ಓಡಿಸಿರಲಿಲ್ಲ. ಪಿತ್ತ ನೆತ್ತಿಗೇರಿದ ಹೆಂಗಸೊಬ್ಬಳು ಸಂಚಾರದ ನಿಯಮಗಳನ್ನು ಒಂದೊಂದಾಗಿ ಪಾಲಿಸುವುದನ್ನು ನೋಡುವುದು ಭಯಂಕರವಾಗಿತ್ತು. ಹಿಂದಕ್ಕೆ, ಮುಂದಕ್ಕೆ, ಎರಡೇ ಏಟಿಗೆ ಕಾರು ತಿರುಗಿತು. ಸಿಗ್ನಲಿನಲ್ಲಿ ಗೆರೆಗೆ ಸರಿಯಾಗಿ, ಅಳತೆಪಟ್ಟಿ ಇಟ್ಟ ಹಾಗೆ ನಿಂತಳು. ಎರಡು ವ್ಯಾನುಗಳ ನಡುವಿನ ಜಾಗಕ್ಕೆ ಹಿಮ್ಮುಖವಾಗಿ, ನೀರು ಲೋಟಕ್ಕಿಳಿದಂತೆ ಇಳಿಸಿದಳು. ಮೈದಾನದ ಹತ್ತಿರ, ಹಾಸಿಗೆಯ ಸುರುಳಿ ಹೊತ್ತ ಸೈಕಲಿನವನೊಬ್ಬ ಹಿಂದು ಮುಂದು ನೋಡದೆ ಅಡ್ಡ ಬಂದ. ಅವಳ ಕಾಲು ಒತ್ತಿತು, ಕಾರು ನಿಂತಿತು, ಸೈಕಲಿನವನು ಹೋದ. ಎಡಸೀಟಿನಲ್ಲಿ ಅವನು ಆ ಹೊತ್ತಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ. ತನ್ನ ಕಾಲು ಅಲ್ಲಾಡಿತೋ ಇಲ್ಲವೋ ಎಂದು ನೋಡಿಕೊಳ್ಳಲೂ ಮರೆತಿದ್ದ. ಇನ್ಸ್‌ಪೆಕ್ಟರು ಸಹಿ ಹಾಕಿ ಕಾಗದ ಹರಿದು ಅವಳ ಕೈಗೆ ಕೊಟ್ಟು, "ಪಾಸು. ಚೆನ್ನಾಗಿ ಓಡಿಸ್ತೀರಮ್ಮ" ಎಂದರು. ಅವನಿಗೆ, "ನೀವು ಯಾರಿಗಾದ್ರೂ ತೋರಿಸ್ಕೊಳ್ಳಿ" ಎಂದು ಇಳಿದರು.

ಇಬ್ಬರೇ ಉಳಿದರು. ಬಯ್ಯುತ್ತಾಳೆ ಎಂದು ಅವನು ಕಾದ. ಬಯ್ದರೆ ಒಂದು ನೆಮ್ಮದಿ. ಬಯ್ದವಳಿಗೂ ಬಯ್ಯಿಸಿಕೊಂಡವನಿಗೂ ಹಗುರಾಗುತ್ತದೆ, ಮಧ್ಯಾಹ್ನದ ಊಟದ ಹೊತ್ತಿಗೆ ಸರಿಹೋಗುತ್ತದೆ. ಅವಳು ಬಯ್ಯಲಿಲ್ಲ. "ಹಿಂದೆ ಹೋಗಿ ಕೂತ್ಕೊಳ್ಳಿ" ಎಂದಳು. ಅವನು ಇಳಿದು ಹಿಂದೆ ಹೋಗಿ ಕೂತ. ಆ ಕಾರಿನ ಹಿಂದಿನ ಸೀಟಿನಲ್ಲಿ ಅವನು ಒಮ್ಮೆಯೂ ಕೂತಿರಲಿಲ್ಲ. ಸೀಟು ಹರಿದಿತ್ತು, ಇನ್ಸ್‌ಪೆಕ್ಟರ ಕರವಸ್ತ್ರ ಅಲ್ಲೇ ಬಿದ್ದಿತ್ತು, ಮುಂದಿನದೇನೂ ಸರಿಯಾಗಿ ಕಾಣುತ್ತಿರಲಿಲ್ಲ. ಅವಳ ಹೆಗಲು, ಕತ್ತು, ಕನ್ನಡಿಯಲ್ಲಿ ಅವಳ ಎರಡು ಕಣ್ಣು ಕಾಣುತ್ತಿದ್ದವು. ಮನೆಯ ತಿರುವು ಬಂತು, ಅವಳು ತಿರುಗಲಿಲ್ಲ. ಎಲ್ಲಿಗೆ ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ.

"ಹೋದ ತಿಂಗಳು ಕಣ್ಣಿನ ಡಾಕ್ಟರ ಹತ್ರ ಹೋಗಿದ್ದೆ" ಎಂದಳು, ರಸ್ತೆ ನೋಡುತ್ತಲೇ. "ನಿಮಗೆ ಹೇಳಿಲ್ಲ. ಬೇಕಾದಷ್ಟು ಜಾಗ ಇದೆ ಅಂತ ಕಂಡಿತ್ತು ನನಗೆ, ನೀವು ನೋಡಿದ್ರೆ ಗೇಣೂ ಇರ್ಲಿಲ್ಲ ಅಂದ್ರಿ. ಕಣ್ಣು ಸರಿಯಾಗೇ ಇದೆಯಮ್ಮ ಅಂದ್ರು. ಹಾಗಾದ್ರೆ ತಲೇನೇ ಕೆಟ್ಟಿರ್ಬೇಕು ಅಂದ್ಕೊಂಡೆ." ಗೇರು ಬದಲಿಸಿದಳು. "ಲ್ಯಾಬಲ್ಲಿ ಸೂಜಿ ಹಿಡಿದ್ರೆ ನರ ಕಾಣಿಸುತ್ತೆ, ಆದ್ರೆ ಕಾಣಿಸಿದ್ದು ಅಲ್ಲೇ ಇದೆಯಾ ಅಂತ ಅನುಮಾನ. ಹತ್ತೊಂಬತ್ತು ವರ್ಷ ಯಾರಿಗೂ ಎರಡು ಸಲ ಚುಚ್ಚಿರ್ಲಿಲ್ಲ ನಾನು. ಈ ಎರಡು ತಿಂಗಳಲ್ಲಿ ಏಳು ಜನಕ್ಕೆ ಚುಚ್ಚಿದ್ದೀನಿ. ಒಂದು ಮಗು ಇತ್ತು ಅದರಲ್ಲಿ."

ಅವನು ಉಸಿರು ಎಳೆದು ನಾಲ್ಕು ಎಣಿಸಲು ನೋಡಿದ, ಎರಡಕ್ಕೆ ನಿಂತುಹೋಯಿತು. ಇದು ಉಸಿರಿನ ಜೊತೆ ಆಚೆ ಹೋಗುವಂಥದ್ದಲ್ಲ ಎಂದು ಗೊತ್ತಾಯಿತು. ಇಷ್ಟು ದಿನ ಅವನು ತನ್ನ ಕಾಲನ್ನೇ ನೋಡಿಕೊಂಡಿದ್ದ. ಅದರ ಮೇಲೆ ಎಷ್ಟು ಮರುಗಿದ್ದ, ಅದು ಧೊಪ್ಪೆಂದು ಬಿದ್ದಾಗ ಎಷ್ಟು ಖುಷಿಪಟ್ಟಿದ್ದ. ಅವಳ ಸೂಜಿ ತಪ್ಪುತ್ತಿದ್ದದ್ದು ತನಗೆ ಗೊತ್ತಿರಲೇ ಇಲ್ಲವೆಂದು ಅವನಿಗೆ ನಾಚಿಕೆಯಾಯಿತು.

ಕಾರು ನಿಂತಿತು. ನೀರಿನ ಟ್ಯಾಂಕು. ಅದೇ ಗೋಡೆ. ಅವಳು ಗೋಡೆಯಿಂದ ಸಾಕಷ್ಟು ದೂರದಲ್ಲೇ ನಿಲ್ಲಿಸಿ ಎಂಜಿನ್ ಆರಿಸಿದಳು.

"ಇಳೀರಿ. ಹೋದ ಸಲ ಕಾರಿನ ಮೂತಿ ಎಲ್ಲಿತ್ತು, ಅಲ್ಲಿ ಹೋಗಿ ನಿಂತ್ಕೊಳ್ಳಿ."

ಅವನು ಇಳಿದು ಹೋಗಿ ಗೋಡೆಗೆ ಮೂರು ಅಡಿ ದೂರದಲ್ಲಿ ನಿಂತ. ಟ್ಯಾಂಕಿನ ಕಾವಲುಗಾರ ಬೀಡಿ ಕೆಳಗಿಳಿಸಿ ನೋಡತೊಡಗಿದ. ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಖಂಡಿತ ಅಲ್ಲೇನಾ?"

ಪಾಚಿಯ ಕಲೆ ನೋಡಿದ. ಆವತ್ತು ಸೀಟಿನಲ್ಲಿ ಕೂತಾಗ ಆ ಕಲೆ ಕಾರಿನ ಮೂತಿಯ ಮೇಲೆ ಪೂರ್ತಿ ಕಾಣುತ್ತಿತ್ತು. ಇಷ್ಟು ಹತ್ತಿರದಲ್ಲಿದ್ದಿದ್ದರೆ ಕಾಣುವ ಹಾಗೇ ಇರಲಿಲ್ಲ. ಅವನು ಒಂದು ಹೆಜ್ಜೆ ಹಿಂದೆ ಬಂದ. ನಿಂತ. ಇನ್ನೊಂದು ಹೆಜ್ಜೆ ಬಂದ. ಎರಡು ತಿಂಗಳು ತನ್ನೊಳಗೆ ತಾನೇ ಮೂರು ಅಡಿ, ಮೂರು ಅಡಿ ಎಂದು ಹೇಳಿಕೊಂಡು, ಆ ಮೂರನ್ನು ಹೇಳುವುದಕ್ಕೇ ಇಷ್ಟು ಅತ್ತು, ಈಗ ನೋಡಿದರೆ ಕಾಲು ಹಿಂದಕ್ಕೆ ಹೋಗುತ್ತಲೇ ಇತ್ತು. ಕೊನೆಗೆ ನಿಂತಲ್ಲಿಂದ ಗೋಡೆಗೆ ಇದ್ದ ಜಾಗದಲ್ಲಿ ಒಬ್ಬ ಆಳು ಕಾಲು ಚಾಚಿ ಮಲಗಬಹುದಿತ್ತು.

"ಇಲ್ಲ," ಎಂದ. "ಇಲ್ಲಿ."

ಅವಳು ಆ ಜಾಗವನ್ನೂ ಗೋಡೆಯನ್ನೂ ನೋಡಿದಳು.

"ಅಲ್ಲಿಂದ ಗೋಡೆಗೆ ಹೆಜ್ಜೆ ಹಾಕಿ. ಎಣಿಸಿ. ನನಗೆ ಕೇಳಿಸ್ಬೇಕು."

ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ, ಕಾಲು ಮುಂದೆ ಕಾಲಿಟ್ಟು, ಅವನು ಹೊರಟ. ಒಂದು ಎಂದ. ಎರಡು ಎಂದ. ಮೂರನ್ನು ಗಟ್ಟಿಯಾಗಿ ಹೇಳಿದ. ನಾಲ್ಕು. ಐದು. ಕಾವಲುಗಾರ, ಯಾವುದೋ ಜಾಗದ ಅಳತೆ ನಡೆಯುತ್ತಿದೆ ಎಂದುಕೊಂಡು, ಎದ್ದು ಬಂದು ತಾನೂ ಜೊತೆಯಲ್ಲಿ ಎಣಿಸತೊಡಗಿದ. ಆರು. ಏಳಕ್ಕೆ ಮೇಷ್ಟ್ರ ಮೂಗು ಇಟ್ಟಿಗೆಗೆ ತಾಗಿತು. ತಿರುಗಿ ನೋಡಿದ. ಅವಳು ಸ್ಟಿಯರಿಂಗಿನ ಮೇಲೆ ಹಣೆ ಇಟ್ಟಿದ್ದಳು, ಹೆಗಲು ಕುಲುಕುತ್ತಿತ್ತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅಲ್ಲಿಂದ ಗೊತ್ತಾಗುತ್ತಿರಲಿಲ್ಲ, ಹತ್ತಿರ ಹೋಗಿ ನೋಡುವ ಹಕ್ಕೂ ತನಗಿಲ್ಲ ಅನ್ನಿಸಿತು.

"ಏಳು" ಎಂದ ಅವನು.

"ಏಳು" ಎಂದ ಕಾವಲುಗಾರ.

ಅವಳು ತಲೆ ಎತ್ತಿ, ಎರಡು ಕೈಯಲ್ಲೂ ಮುಖ ಒರೆಸಿಕೊಂಡು, "ಇನ್ನೊಂದ್ ಸಲ" ಎಂದಳು. ಅವನು ವಾಪಸು ಹೋಗಿ ಮೊದಲಿನ ಜಾಗದಲ್ಲೇ ನಿಂತು, ಒಂದರಿಂದ ಶುರು ಮಾಡಿದ.